ಮಾದರಿ 07-2

ಜನವರಿ 6, ಸೋಮವಾರ

ಬೆಳಿಗ್ಗೆ 8.10: ಚಹಾ, ಬಿಸ್ಕಿಟ್ 4. ಮಧ್ಯಾಹ್ನ 1.30: ಕ್ಯಾಂಟೀನಿನ ಅನ್ನ, ಬೇಳೆಸಾರು, ಅರ್ಧ. ಸಂಜೆ: ಚಹಾ. ರಾತ್ರಿ 8.30: ಪಾವ್ 2, ಬಾಳೆಹಣ್ಣು 1.

ಷರಾ: ಇದು ಊಟದ ನೋಂದಣಿ ಪುಸ್ತಕ. ಅಧ್ಯಯನದ ಮುಂದಿನ ಹಂತದಲ್ಲಿ ಭಾಗವಹಿಸುವವರು ತಿಂದದ್ದನ್ನೆಲ್ಲ ಇದರಲ್ಲಿ ಬರೆಯಬೇಕು. ಮೊದಲು ನೀವೇ ಮೂರು ತಿಂಗಳು ತುಂಬಿ ನೋಡಿ, ಜನರಿಗೆ ಎಲ್ಲಿ ತೊಡಕಾಗುತ್ತದೆ ಗೊತ್ತಾಗಲಿ ಎಂದು ಲ್ಯಾಬಿನ ಮುಖ್ಯಸ್ಥೆ ಮೀನಾಕ್ಷಿ ಮೇಡಂ ಹೇಳಿದ್ದಾರೆ. ಕೊನೆಯ ಅಂಕಣ ಷರಾ. ಅದರಲ್ಲಿ ಏನು ಬರೆಯಬೇಕೆಂದು ನಮೂನೆ ಹೇಳುವುದಿಲ್ಲ. ಈ ಪ್ರತಿಯನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ದಿನದ ವಿಷಯ ಬರೆಯುತ್ತೇನೆ.

ಜನವರಿ 8, ಬುಧವಾರ

ಚಹಾ, ಬಿಸ್ಕಿಟ್ 4. ಮಧ್ಯಾಹ್ನ ಇಲ್ಲ. ಸಂಜೆ ಚಹಾ, ಪಾವ್ 1. ರಾತ್ರಿ ಪಾವ್ 2.

ಷರಾ: ನಮ್ಮ ಸಂಸ್ಥೆಯ ಹುದ್ದೆಗೆ ಜಾಹೀರಾತು ಬಂತು. ಕಾಯಂ ವಿಜ್ಞಾನಿ, ಒಂದು ಸ್ಥಾನ. ಸಂದರ್ಶನ ಮಾರ್ಚ್ 20. ವಯೋಮಿತಿ 35. ಆಗಸ್ಟ್ 9ಕ್ಕೆ ನನಗೆ 35 ತುಂಬುತ್ತದೆ. ಈಗಿನದು ನನ್ನ ಏಳನೆಯ ಕರಾರು. ಪ್ರತಿಯೊಂದೂ ಹನ್ನೊಂದು ತಿಂಗಳದ್ದು. ಇದು ಮಾರ್ಚ್ 31ಕ್ಕೆ ಮುಗಿಯುತ್ತದೆ.

ನನ್ನ ಬಳಿ ಇರುವುದು ಒಂದು ಲೇಖನ. ಉತ್ತರ ಕರ್ನಾಟಕದಿಂದ ಗೋವಾಕ್ಕೆ ದುಡಿಯಲು ಬಂದ 53 ಮನೆಗಳ 212 ಜನರ ಮಲದ ಮಾದರಿ ತೆಗೆದುಕೊಂಡು, ಕರುಳಿನ ಸೂಕ್ಷ್ಮಜೀವಿಗಳ ಡಿಎನ್‌ಎ ಓದಿಸಿ, ಆ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿದ್ದೇನೆ. ಕಂಡುಬಂದದ್ದು ಇಷ್ಟು: ಒಂದೇ ಕೋಣೆಯಲ್ಲಿ ಬದುಕುವವರ ಕರುಳು, ರಕ್ತಸಂಬಂಧ ಇಲ್ಲದಿದ್ದರೂ, ಬೇರೆಲ್ಲೂ ವರದಿಯಾಗದಷ್ಟು ಒಂದೇ ಥರ ಆಗಿರುತ್ತದೆ. ನಿಯತಕಾಲಿಕೆ ಇದನ್ನು ಎರಡನೆಯ ಸುತ್ತಿನ ಪರಿಶೀಲನೆಗೆ ತೆಗೆದುಕೊಂಡಿದೆ. ಒಪ್ಪಿಗೆ ಸಿಕ್ಕರೆ ಹುದ್ದೆಗೆ ನನ್ನ ಹೆಸರೇ ಮೊದಲಿಗೆ ಎಂದು ಮೇಡಂ ಹೇಳುತ್ತಾರೆ.

ಜನವರಿ 12, ಭಾನುವಾರ

ಚಹಾ. ಮಧ್ಯಾಹ್ನ ಅನ್ನ, ಮೊಸರು. ರಾತ್ರಿ ಬಿಸ್ಕಿಟ್.

ಷರಾ: ಸಾಂಕೋಲೆಯ ನನ್ನ ಕೋಣೆಯಲ್ಲಿ ಕರೆಂಟು ಹೋಗಿತ್ತು. ಬಂದ ಮೇಲೆ 07-2 ತೆರೆದು ನೋಡಿದೆ.

07 ಎಂದರೆ ಏಳನೆಯ ಮನೆ, ಕುಡಚಡೆಯ ನಮ್ಮ ಮನೆ. ಅಲ್ಲಿ ಮೊದಮೊದಲು ಯಾರೂ ಮಾದರಿ ಕೊಡಲು ಒಪ್ಪಲಿಲ್ಲ. ನಮ್ಮ ಮನೆಯವರೇ ಕೊಟ್ಟಿದ್ದಾರೆ ನೋಡಿ ಎಂದು ತೋರಿಸಲು ನಮ್ಮದನ್ನೂ ಸೇರಿಸಿದೆವು. 07-1 ಅಮ್ಮಿ. 07-2 ಅಬ್ಬಾ. ಭಾಯಿ ಜುನೇದ ಆಗ ಲಾರಿಯ ಮೇಲೆ ಹೊಸಪೇಟೆ ಕಡೆ ಇದ್ದ, ಅವನದು ಇಲ್ಲ. ಮಾದರಿ ತೆಗೆದದ್ದು 2023ರ ಫೆಬ್ರುವರಿಯಲ್ಲಿ. ಅಬ್ಬಾನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದದ್ದು 2024ರ ಏಪ್ರಿಲಿನಲ್ಲಿ. ತೀರಿಕೊಂಡದ್ದು ಜುಲೈ 18ರಂದು.

ಆಸ್ಪತ್ರೆಯಲ್ಲಿ ಭಾಯಿ ಕೇಳಿದ್ದ: "ನಿನ್ನ ಲ್ಯಾಬಿನಾಗ ಅಬ್ಬಾಂದು ಇತ್ತಲ್ಲ. ನಿಂಗ ಗೊತ್ತಾಗಲಿಲ್ಲೇನು?" ನಾನು ಅಂದೇ ಕಡತ ತೆರೆದು ಮೂರು ಸಲ ನೋಡಿದೆ. ಆ ರೋಗದವರ ಕರುಳಿನಲ್ಲಿ ಹೆಚ್ಚಾಗಿ ಸಿಗುವ ಜೀವಿಗಳು ಇರಲಿಲ್ಲ. ಏನೂ ಇರಲಿಲ್ಲ ಭಾಯಿ ಎಂದೆ. ಅವನು ತಲೆಯಾಡಿಸಿದ. ಅಂದಿನಿಂದ ನಾವಿಬ್ಬರೂ ಕೆಲಸವಿದ್ದರಷ್ಟೇ ಮಾತಾಡುತ್ತೇವೆ.

ಪ್ರೆವೊಟೆಲ್ಲಾ ಎಂಬ ಜೀವಿ ಶೇಕಡಾ 41. ಜೋಳ ತಿನ್ನುವವರಲ್ಲಿ ಹಾಗೆ. ಬದಲಾಗಿಲ್ಲ. ಬದಲಾಗುವಂಥದ್ದೂ ಅಲ್ಲ.

ಜನವರಿ 20, ಸೋಮವಾರ

ಚಹಾ 2. ಮಧ್ಯಾಹ್ನ ಅನ್ನ, ಸಾರು. ರಾತ್ರಿ ಪಾವ್ 1.

ಷರಾ: ಪರಿಶೀಲಕರ ಪತ್ರ ಬಂತು. ಇಬ್ಬರು ಒಪ್ಪಿದ್ದಾರೆ. ಮೂರನೆಯವರದು ಒಂದೇ ಪ್ರಶ್ನೆ, ವಾಡಿಕೆಯದು. ಮಾದರಿಗಳು ಅದಲುಬದಲಾಗಿಲ್ಲ ಎಂಬುದಕ್ಕೆ ಲಿಂಗ ಪರೀಕ್ಷೆ ಮಾಡಿದ್ದೀರಾ? ಮಲದಲ್ಲಿ ಸೂಕ್ಷ್ಮಜೀವಿಗಳದಲ್ಲದೆ ಆ ಮನುಷ್ಯನ ಡಿಎನ್‌ಎಯೂ ಚೂರು ಇರುತ್ತದೆ. ನಾವು ಅದನ್ನು ಸೋಸಿ ಬೇರೆ ಕಡತದಲ್ಲಿ ಇಡುತ್ತೇವೆ. ಗಂಡಸಿನದಾದರೆ ಅದರಲ್ಲಿ ವೈ ಕ್ರೋಮೋಸೋಮಿನ ತುಣುಕು ಸಿಗಬೇಕು.

ಒಂದು ದಿನದ ಕೆಲಸ. ಉತ್ತರಕ್ಕೆ ಫೆಬ್ರುವರಿ 20ರ ಗಡುವು.

ಜನವರಿ 23, ಗುರುವಾರ

ಚಹಾ 3.

ಷರಾ: ಪರೀಕ್ಷೆ ಮುಗಿಯಿತು. ಗಂಡಸರು 98. ವೈ ಸಿಗದವರು 17.

03-2, 07-2, 09-3, 11-2, 12-4, 16-2, 18-2, 18-3, 22-2, 27-3, 31-2, 31-3, 36-2, 40-2, 44-3, 49-2, 52-2.

ಜನವರಿ 24, ಶುಕ್ರವಾರ

ಚಹಾ 2, ಬಿಸ್ಕಿಟ್ 2.

ಷರಾ: ಮತ್ತೊಮ್ಮೆ ಓಡಿಸಿದೆ. ಅದೇ 17.

ಜನವರಿ 28, ಮಂಗಳವಾರ

ಚಹಾ, ಪಾವ್ 1. ಮಧ್ಯಾಹ್ನ ಜಯಶ್ರೀ ಕೊಟ್ಟ ಉಪ್ಪಿಟ್ಟು, ಎರಡು ಚಮಚ.

ಷರಾ: ಲ್ಯಾಬಿನಲ್ಲಿ ಚೀಟಿ ಅದಲುಬದಲಾಗಿರಬಹುದೆಂದು ಶೈತ್ಯಪೆಟ್ಟಿಗೆಯ 212 ಡಬ್ಬಿಗಳನ್ನೂ ದಾಖಲೆಯೊಂದಿಗೆ ತಾಳೆ ನೋಡಿದೆ. ಎಲ್ಲ ಸರಿಯಿದೆ. ಹದಿನೇಳೂ ಮಾದರಿಗಳು ಅದೇ ಮನೆಯ 1ನೆಯ ಸದಸ್ಯರ ಮಾದರಿಯೊಂದಿಗೆ ಪೂರ್ತಿ ಹೊಂದುತ್ತವೆ. ಹೋಲುತ್ತವೆ ಎಂದಲ್ಲ, ಒಂದೇ ಆಗಿವೆ. 1ನೆಯ ಸದಸ್ಯರೆಂದರೆ ಡಬ್ಬಿಗಳ ಚೀಲ ತೆಗೆದುಕೊಂಡ ಮನೆಯ ಹೆಂಗಸು.

ಚೀಲ ಹಂಚಿದವಳು ಜಯಶ್ರೀ. ಬಾಗಲಕೋಟೆ ಕಡೆಯವಳು, ಕೊರ್ತಾಲಿಮ್‌ನಲ್ಲಿ ಮನೆ, ನಮ್ಮ ಕ್ಷೇತ್ರ ಸಹಾಯಕಿ. ಅವಳಿಗೆ ಪಟ್ಟಿ ತೋರಿಸಿದೆ.

"ಇವರ್ನೆಲ್ಲಾ ನಾ ಬಲ್ಲೆ ಬಿಡ್ರಿ," ಎಂದಳು. ನಂತರ 07 ಮೇಲೆ ಬೆರಳಿಟ್ಟಳು. "ಇದು ನಿಮ್ಮ ಮನಿ ಅಲ್ರೀ?"

ಹೌದು ಎಂದೆ. ಅವಳು ಬೆರಳು ತೆಗೆದಳು. "ಭಾನುವಾರ ಹೋಗೂಣ್ರಿ. 31ನೇದಕ್ಕ. ಸತ್ಯವ್ವ ಸುಳ್ಳು ಹೇಳಾಕಿ ಅಲ್ಲ."

ಫೆಬ್ರುವರಿ 2, ಭಾನುವಾರ

ಚಹಾ. ಮಧ್ಯಾಹ್ನ 12.45: ಜೋಳದ ರೊಟ್ಟಿ 1, ಪುಂಡಿಪಲ್ಲೆ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ರಾತ್ರಿ ಇಲ್ಲ.

ಷರಾ: ಕೊರ್ತಾಲಿಮ್. ಜುವಾರಿ ಸೇತುವೆಯ ಕೆಳಗಿನ ಬಾಡಿಗೆ ಕೋಣೆಗಳ ಸಾಲು. ಸತ್ಯವ್ವ, ಗಂಡ ಹುಲಿಗೆಪ್ಪ, ಮಾವ ಗಂಗಪ್ಪ, ಒಬ್ಬಳು ಮಗಳು. ಗಂಡಸರಿಬ್ಬರೂ ಬಜಾರಕ್ಕೆ ಹೋಗಿದ್ದರು. ಸತ್ಯವ್ವ ರೊಟ್ಟಿ ಬಡಿಯುತ್ತಿದ್ದಳು, ನಿಲ್ಲಿಸಲಿಲ್ಲ.

"ಸತ್ಯವ್ವಾ, ಆವಾಗ ಡಬ್ಬಿ ಕೊಟ್ಟಿದ್ವಿ ನೋಡು, ಅದರ ಬಗ್ಗೆ ಕೇಳಾಕ ಬಂದಾರ ಮೇಡಮ್ಮಾರು," ಎಂದಳು ಜಯಶ್ರೀ.

"ಎರಡು ವರ್ಷ ಆತ್ರಿ. ಅದರಾಗಿಂದು ನೋಡೂದು ಇನ್ನೂ ಮುಗದಿಲ್ಲೇನ್ರಿ?"

ಜಯಶ್ರೀ ನಕ್ಕಳು. ನಾನು ನೇರವಾಗಿ ಕೇಳಿದೆ: "ನಿಮ್ಮ ಮಾವನ ಡಬ್ಬಿ ಅವರ ಕೈಯಾಗ ಕೊಟ್ಟಿದ್ರೇನು?"

"ಮಾವನ ಕೈಯಾಗ?" ಸತ್ಯವ್ವ ರೊಟ್ಟಿ ಹಂಚಿಗೆ ಹಾಕಿ ನನ್ನ ಮುಖ ನೋಡಿದಳು. "ಅಲ್ರಿ ಅಕ್ಕಾರ, ಅವರಿಗೆ ಚಾ ಕೊಡೂದಿದ್ರೂ ನಾ ಹೊಸ್ತಿಲ ಮ್ಯಾಲ ಇಟ್ಟು ಸರೀತೇನಿ. ಅಂಥಾವರ ಮುಂದ ಆ ಡಬ್ಬಿ ಹಿಡದು, ಮಾವಾ, ಇದರಾಗ ತುಂಬಿ ಕೊಡ್ರಿ ಅಂತ ಹ್ಯಾಂಗ ಅನ್ಲಿ? ನೀವರೆ ಅಂತಿದ್ರೇನು?"

"ಹುಲಿಗೆಪ್ಪಗ ಹೇಳಬೇಕಿಲ್ಲ?" ಎಂದೆ.

"ಹೇಳಿದೆ. ಅಂವಾ ಆರಕ್ಕ ಸೈಟಿಗೆ ಹೋಗಾಂವ. ನಿಂದೊಂದು ಹುಚ್ಚ, ನೀನ ಏನಾರ ಮಾಡ್ಕೊ ಅಂದ. ಒಂಬತ್ತಕ್ಕ ಈ ಜಯಶ್ರೀ ಬಂದು ಬಾಗಲದಾಗ ನಿಂದರತಿದ್ಲು. ಖಾಲಿ ಕೊಟ್ರ ಇಕಿ ಕೆಲಸ ಹೊಕ್ಕೇತಿ ಅಂತ ತಿಳದೆ. ನಂದ ಹಾಕಿದೆ, ಮೂರಕ್ಕೂ. ಮಗಳದಷ್ಟ ಮಗಳದು." ರೊಟ್ಟಿ ತಿರುವಿ ಹಾಕಿದಳು. "ಮನಿ ಒಂದ, ಒಲಿ ಒಂದ, ತಿನ್ನೂದು ಒಂದ ಬುಟ್ಟ್ಯಾಗಿನ ರೊಟ್ಟಿ. ಹೊಟ್ಟ್ಯಾಗಿಂದು ಬ್ಯಾರೆ ಹ್ಯಾಂಗ ಇರತೈತ್ರಿ?"

ನಮ್ಮ ಲೇಖನದ ಮೊದಲ ಪ್ಯಾರಾದ ಅರ್ಥವೂ ಇದೇ.

"ಮತ್ತ ನನ್ನ ಹೊಟ್ಟಿ ಭಾಳ ಚಲೋ ಐತ್ರಿ. ಒಂದಿನ ಕೆಟ್ಟಿಲ್ಲ. ಅದಕ್ಕ ನಂದು ಕೊಟ್ರ ನಿಮಗೂ ಚಲೋ ಆಕ್ಕೇತಿ ಅಂತ ಮಾಡಿದ್ನಿ. ಏನರೆ ಕೆಟ್ಟಿತೇನ್ರಿ?"

ಏನಿಲ್ಲ ಎಂದೆ. ಹಾಗೇ ಎದ್ದು ಹೋಗಬ್ಯಾಡ್ರಿ ಎಂದು ತಟ್ಟೆ ಇಟ್ಟಳು.

ಹೊರಗೆ ಬಂದ ಮೇಲೆ ಜಯಶ್ರೀ ಕೇಳಿದಳು: "ಚೀಲದಾಗ ಒಂದು ಕಾಗದ ಇರತಿತ್ತಲ್ರಿ, ಕನ್ನಡದಾಗ, ಹ್ಯಾಂಗ ತುಂಬಬೇಕಂತ. ಅದನ್ನ ಬರದವರು ನೀವ ಅಲ್ರೀ?"

ನಾನೇ. ಅದರ ಮೂರನೆಯ ಸಾಲು: "ಮನೆಯ ಮಹಿಳೆ ಎಲ್ಲ ಸದಸ್ಯರ ಮಾದರಿಗಳನ್ನು ಸಂಗ್ರಹಿಸಿ ಒಪ್ಪಿಸಬೇಕು." ಡಬ್ಬಿಯ ಚೀಟಿಯ ಮೇಲೂ ಅಚ್ಚು ಹಾಕಿಸಿದ್ದೆವು. ಸಂಗ್ರಹಿಸಿದವರು: ಮನೆಯ ಮಹಿಳೆ. ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಹೆಂಗಸರು ಸಿಗುತ್ತಾರೆ ಎಂದು ಹಾಗೆ ಮಾಡಿದ್ದು. ನಾನು ಬೆಳೆದದ್ದು ಇಂಥದ್ದೇ ಕೋಣೆಯಲ್ಲಿ. ಅಮ್ಮಿ ಅಬ್ಬಾನ ತಂದೆಯ ಎದುರು ಕೂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಫೆಬ್ರುವರಿ 4, ಮಂಗಳವಾರ

ಚಹಾ 2. ಮಧ್ಯಾಹ್ನ ಅನ್ನ, ಸಾರು, ಕಾಲು ಭಾಗ. ರಾತ್ರಿ ಪಾವ್ 1.

ಷರಾ: ಹದಿನೇಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಒಂದೇ ಮನೆಯವರಲ್ಲಿ ಉಳಿಯುವ ಹೋಲಿಕೆ, ಬೇರೆ ಊರುಗಳಲ್ಲಿ ಈಗಾಗಲೇ ವರದಿಯಾಗಿರುವಷ್ಟೇ. ಹೊಸದಾಗಿ ಹೇಳುವುದು ಏನೂ ಉಳಿಯುವುದಿಲ್ಲ.

ಮೀನಾಕ್ಷಿ ಮೇಡಂ ಹತ್ತಿರ ಹೋದೆ. ಅವರು ಹುಬ್ಬಳ್ಳಿಯವರು. ಇಪ್ಪತ್ತು ವರ್ಷ ಇಲ್ಲಿದ್ದರೂ ನಮ್ಮ ಜೊತೆ ಕನ್ನಡದಲ್ಲೇ ಮಾತು. ಕಾಗದ ಓದಿ ಕನ್ನಡಕ ತೆಗೆದರು.

"ಹದಿನೇಳೂ ಖಾತ್ರಿ ಏನು?"

"ಹೌದ್ರಿ."

"ಮನುಷ್ಯರ ಡಿಎನ್‌ಎ ಕಡತಗಳು ಯಾರ ಹತ್ರ ಅವ?"

"ನನ್ನ ಹತ್ರ ಮಾತ್ರ."

"ನಿಯಮದ ಪ್ರಕಾರ ಅವನ್ನ ಹೋದ ವರ್ಷ ಜುಲೈದಾಗ ಅಳಸಬೇಕಿತ್ತು. ಜನರ ಗುಟ್ಟು ಅವು. ಯಾಕ ಅಳಸಲಿಲ್ಲ?"

ಮರೆತಿದ್ದೆ ಎಂದೆ. ಮರೆತಿರಲಿಲ್ಲ. ಅಬ್ಬಾ ತೀರಿಕೊಂಡದ್ದು ಅದೇ ಜುಲೈನಲ್ಲಿ, 07-2 ಅಳಿಸಲಾಗಲಿಲ್ಲ.

ಮೇಡಂ ಕಾಗದ ಮಡಚಿದರು. "ಅಳಸೇವಿ, ಹಿಂಗಾಗಿ ಆ ಪರೀಕ್ಷೆ ಮಾಡ್ಲಿಕ್ಕೆ ಬರೂದಿಲ್ಲ ಅಂತ ಉತ್ತರ ಬರದ್ರ ಯಾರೂ ಮುಂದ ಕೇಳೂದಿಲ್ಲ. ಭಾಳ ಮಂದಿ ಹಂಗ ಬರೀತಾರ, ಖರೇನೂ ಇರತದ." ಕನ್ನಡಕ ಹಾಕಿಕೊಂಡರು. "ಹಂಗ ಬರೀರಿ ಅಂತ ನಾ ಅನ್ಲಿಕತ್ತಿಲ್ಲ. ಬರೀಬ್ಯಾಡ್ರಿ ಅಂತನೂ ಅನ್ಲಿಕತ್ತಿಲ್ಲ. ನನ್ನ ನೌಕರಿ ಇನ್ನ ನಾಕು ವರ್ಷ ಅದ, ಈ ಲೇಖನ ಇಲ್ಲದನೂ ಮುಗೀತದ. ನಿಮ್ಮದು ಹಂಗಲ್ಲ. ಉತ್ತರ ನಿಮ್ಮ ಹೆಸರಿಲೆ ಹೋಗೂದು."

ಬಾಗಿಲ ಹತ್ತಿರ ಹೋದಾಗ ಕೇಳಿದರು: "ಊಟ ಮಾಡೀರೇನು?"

ಮಾಡಿದ್ದೇನೆ ಎಂದೆ. ಪುಸ್ತಕ ನೋಡಿದರೆ ಅದೂ ಕಾಲು ಭಾಗ ಮಾತ್ರ ಖರೆ.

ಫೆಬ್ರುವರಿ 6, ಗುರುವಾರ

ಚಹಾ.

ಷರಾ: ಇಲ್ಲ.

ಫೆಬ್ರುವರಿ 11, ಮಂಗಳವಾರ

ಚಹಾ, ಪಾವ್ 1. ಸಂಜೆ ಚಹಾ.

ಷರಾ: ಎರಡು ಉತ್ತರಗಳ ಕರಡು ತಯಾರಿಸಿದೆ. ಮೊದಲನೆಯದು ಎರಡು ಸಾಲು, "ಕಡತಗಳನ್ನು ನಿಯಮದಂತೆ ಅಳಿಸಲಾಗಿದೆ." ಎರಡನೆಯದು ಎರಡು ಪುಟ. ಮೊದಲನೆಯದನ್ನು ಕಳಿಸಿ ಆಮೇಲೆ ನಿಜವಾಗಿ ಅಳಿಸಿದರೆ ಅದರಲ್ಲಿ ತಪ್ಪಾಗಿ ಉಳಿಯುವುದು ತಾರೀಖು ಮಾತ್ರ.

ಎರಡನ್ನೂ ಉಳಿಸಿಟ್ಟೆ.

ಫೆಬ್ರುವರಿ 16, ಭಾನುವಾರ

ಬೆಳಿಗ್ಗೆ ಇಲ್ಲ. ಮಧ್ಯಾಹ್ನ: ಚಪಾತಿ 1, ಮೆಂತೆ ಪಲ್ಲೆ. ರಾತ್ರಿ ಇಲ್ಲ.

ಷರಾ: ಮಡಗಾಂವದಿಂದ ಪ್ಯಾಸೆಂಜರ್ ರೈಲಿನಲ್ಲಿ ಕುಡಚಡೆ. ಭಾಯಿ ಟಿಪ್ಪರ್ ತೆಗೆದುಕೊಂಡು ಹೋಗಿದ್ದ. ಅಮ್ಮಿ ಮೆಂತೆ ಸೋಸುತ್ತಿದ್ದಳು. ಎದುರು ಕೂತು ನಾನೂ ಒಂದು ಕಟ್ಟು ತೆಗೆದುಕೊಂಡೆ.

"ಅಮ್ಮಿ, ಆ ಡಬ್ಬಿ."

ಯಾವ ಡಬ್ಬಿ ಎಂದು ಅವಳು ಕೇಳಲಿಲ್ಲ. ಎಲೆ ಕೀಳುವುದನ್ನು ಬಿಡಲೂ ಇಲ್ಲ. "ಗೊತ್ತಾತೇನು?"

"ಗೊತ್ತಾತು."

"ಮಷೀನ್ ಹೇಳಿತೇನು?"

"ಹೂಂ."

"ಹಂಗಾರ ಎರಡು ವರ್ಷ ಯಾಕ ಸುಮ್ಮ ಕುಂತಿತ್ತು ನಿನ್ನ ಮಷೀನು?"

ಅದಕ್ಕೆ ಉತ್ತರ ಇತ್ತು. ನಾವು ಆ ಪ್ರಶ್ನೆಯನ್ನು ಮಷೀನಿಗೆ ಕೇಳಿರಲಿಲ್ಲ.

ಅಮ್ಮಿ ತಾನಾಗಿ ಹೇಳಿದಳು. "ನಿಮ್ಮ ಅಬ್ಬಾ ಡಬ್ಬಿ ತಗೊಂಡು ಒಳಗ ಹೋಗಿದ್ರು. ಹೊರಗ ಬಂದು ಖಾಲಿ ಡಬ್ಬಿ ಕೈಯಾಗ ಕೊಟ್ರು. ರಕ್ತ ಬೀಳಾಕತ್ತೈತಿ, ಮೂಲವ್ಯಾಧಿ, ಗಾಡಿ ಹೊಡಿಯೋರಿಗೆಲ್ಲಾ ಇರೂದ, ಇದನ್ನ ಮಗಳ ಮುಂದ ಇಡಬ್ಯಾಡ ಅಂದ್ರು. ಎರಡು ದಿನ ತಡದು ಚಲೋದು ಕೊಡ್ತೇನಿ ಅಂದ್ರು. ನೀ ಮುಂಜಾನಿಂದ ಫೋನ್ ಮ್ಯಾಲ ಫೋನ್, ಆತೇನು ಆತೇನು ಅಂತ. ನಿಂಗ ಬ್ಯಾಸರ ಆಗಬಾರದಂತ ನಂದ ಹಾಕಿದೆ."

ಫೋನ್ ಮಾಡಿದ್ದು ನೆನಪಿದೆ. ಐದು ಸಲ. ಕುಡಚಡೆಯ ಮೊದಲ ಮನೆ ನಮ್ಮದಾಗಬೇಕಿತ್ತು.

"ಭಾಯಿಗೆ ಗೊತ್ತೈತೇನು?"

"ಇಲ್ಲ." ಅಮ್ಮಿ ಸೋಸಿದ ಸೊಪ್ಪನ್ನು ಮೊರದಲ್ಲಿ ಎರಡೂ ಕೈಯಿಂದ ಸಮ ಮಾಡಿದಳು. "ಬೈ. ಬೈಯೂದಿದ್ರ ಬೈದು ಬಿಡು. ಹಿಂಗ ಗೋಡಿ ಹಂಗ ಕೂಡಬ್ಯಾಡ."

ಬೈಯಲಿಲ್ಲ. ಪಲ್ಲೆ ಮಾಡಿದಳು, ತಿಂದೆ. ಸಂಜೆಯ ರೈಲು ಹಿಡಿದೆ.

2023 ಫೆಬ್ರುವರಿಯಿಂದ 2024 ಏಪ್ರಿಲ್. ಹದಿನಾಲ್ಕು ತಿಂಗಳು. ಎರಡು ಸಲ ಎಣಿಸಿದೆ.

ಫೆಬ್ರುವರಿ 17, ಸೋಮವಾರ

ಇಲ್ಲ.

ಫೆಬ್ರುವರಿ 18, ಮಂಗಳವಾರ

ಚಹಾ.

ಷರಾ: 07-2ರ ಆ ಶೇಕಡಾ 41 ಅಮ್ಮಿಯದು.

ಫೆಬ್ರುವರಿ 19, ಬುಧವಾರ

ಚಹಾ, ಪಾವ್ ಭಾಜಿ ಒಂದು ತಟ್ಟೆ. ರಾತ್ರಿ ಅನ್ನ, ಮೊಸರು.

ಷರಾ: ಎರಡು ಪುಟದ ಉತ್ತರ ಬೆಳಿಗ್ಗೆ 10.40ಕ್ಕೆ ಕಳಿಸಿದೆ. ಮಾದರಿ ಸಂಗ್ರಹದ ಸೂಚನೆಯಲ್ಲೇ ದೋಷವಿತ್ತು, ಆ ಸೂಚನೆ ಬರೆದವಳು ನಾನು, ಮುಖ್ಯ ಫಲಿತಾಂಶ ನಿಲ್ಲುವುದಿಲ್ಲ, ಲೇಖನ ಹಿಂತೆಗೆದುಕೊಳ್ಳುತ್ತೇವೆ. ಕಡತಗಳನ್ನು ಗಡುವು ಮೀರಿ ಇಟ್ಟುಕೊಂಡದ್ದನ್ನೂ ಬರೆದೆ. ಕಾರಣ ಬರೆಯಲಿಲ್ಲ.

ಕಳಿಸುವ ಮುಂಚೆ ಮೇಡಂ ಓದಿದರು. "ನನ್ನ ಹೆಸರೂ ಹಾಕ್ರಿ ಕೆಳಗ," ಎಂದರು. ಒಂದು ಕಾಮಾ ತಿದ್ದಿದರು.

ನಂತರ ಮೂಲ ದಾಖಲೆ ತಿದ್ದಲು ಕೂತೆ. ಹದಿನೇಳು ಸಾಲುಗಳಲ್ಲಿ "ಪುರುಷ" ತೆಗೆದು "ಮಾದರಿ ಕೊಟ್ಟಿಲ್ಲ" ಎಂದು ಹಾಕಬೇಕು. 03ರಿಂದ ಶುರು ಮಾಡಿದೆ. 07 ಬಿಟ್ಟು ಮುಂದೆ ಹೋದೆ. 52 ಮುಗಿದ ಮೇಲೆ ವಾಪಸು ಬಂದು 07 ಮಾಡಿದೆ. ಆಮೇಲೆ 212 ಜನರ ಡಿಎನ್‌ಎ ಕಡತಗಳನ್ನೂ ನಿಯಮದಂತೆ ಅಳಿಸಿದೆ. ನಾಲ್ಕು ನಿಮಿಷ ಹಿಡಿಯಿತು.

ಮಾರ್ಚ್ 2, ಭಾನುವಾರ

ಸಹರಿ: ಚಪಾತಿ 2, ಮೊಸರು, ಬಾಳೆಹಣ್ಣು. ಇಫ್ತಾರ್: ಖರ್ಜೂರ 3, ಕಲ್ಲಂಗಡಿ, ಅನ್ನ, ಬೇಳೆ.

ಷರಾ: ರಂಜಾನಿನ ಮೊದಲ ರೋಜಾ. ಸಹರಿ ನಸುಕಿಗೆ ಮುಂಚೆ, ಇಫ್ತಾರ್ ಸೂರ್ಯ ಮುಳುಗಿದ ಮೇಲೆ. ನಮೂನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರೇ ಅಂಕಣ. ರೋಜಾ ಇರುವವರು ಎಲ್ಲಿ ತುಂಬಬೇಕು? ತಿದ್ದಬೇಕಾದ್ದರ ಪಟ್ಟಿಗೆ ಸೇರಿಸಿದೆ.

ಮಾರ್ಚ್ 9, ಭಾನುವಾರ

ಸಹರಿ: ಅನ್ನ, ಮೊಸರು. ಇಫ್ತಾರ್, ಕೊರ್ತಾಲಿಮ್: ಖರ್ಜೂರ 2, ಮಂಡಕ್ಕಿ, ಮಿರ್ಚಿ ಭಜಿ 3, ಶೇಂಗಾದ ಹೋಳಿಗೆ 2, ಚಹಾ.

ಷರಾ: ಹದಿನೇಳು ಮಾದರಿಗಳ ಮನೆಗಳಿಗೆಲ್ಲ ಹೋಗಿ, ಏನಾಯಿತೆಂದು ಹೇಳಿ ಬರಬೇಕೆಂದು ಜಯಶ್ರೀ ಹಟ ಹಿಡಿದಳು. "ನಾಳೆ ಮತ್ತೊಂದಕ್ಕ ಅವರ ಬಾಗಲಾ ಬಡಿಯಾಕಿ ನಾನ ಅಲ್ರೀ?" ಎಂಬುದು ಅವಳ ವಾದ. ಇಂದಿಗೆ ಹನ್ನೊಂದು ಮನೆ ಮುಗಿದವು. ಇಂದಿನ ಕೊನೆಯದು 31.

ಈ ಸಲ ಗಂಗಪ್ಪ ಮನೆಯಲ್ಲಿದ್ದರು. ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದರು. ಅರವತ್ತೆಂಟು ವರ್ಷ, ಈಗಲೂ ಸಾಂಕೋಲೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು. ಅವರ ಹೆಸರಿನ ಡಬ್ಬಿಯಲ್ಲಿ ಇದ್ದದ್ದು ಅವರದಲ್ಲ ಎಂದು ಹೇಳಿದೆ. ಸೊಸೆ ಒಳಗೆ ಹೋದಳು.

ಗಂಗಪ್ಪ ಬಹಳ ಹೊತ್ತು ನಕ್ಕರು. "ನಂದೊಂದು ಡಬ್ಬಿ ಇತ್ತು ಅಂತನ ನಂಗ ಗೊತ್ತಿಲ್ಲ. ಸಹಿ ಮಾಡು ಅಂದ್ರು, ಹೆಬ್ಬೆಟ್ಟು ಒತ್ತಿದೆ. ಮುಂದ ಯಾರೂ ಬರಲಿಲ್ಲ."

"ಕೊಟ್ಟಿದ್ರ ಏನಂತಿದ್ರಿ ಯಜಮಾನ್ರ?" ಎಂದು ಕೇಳಿದೆ.

"ಏನಂತಿದ್ದೆ? ಒಂದೀಟು ನಾಚಿಕಿ ಆಗತಿತ್ತು. ತುಂಬಿ ಕೊಡತಿದ್ದೆ. ಅದರಾಗೇನೈತಿ. ನನ್ನ ಕೈಯಾಗ ಕೊಟ್ಟು ಕೇಳಿದ್ರ ಕೊಡತಿದ್ದೆ. ನೀವು ಕೇಳಲೇ ಇಲ್ಲಲ್ಲವ್ವಾ."

ಸೂರ್ಯ ಮುಳುಗಿದ. ನನಗೆ ರೋಜಾ ಎಂದು ಜಯಶ್ರೀ ಮೊದಲೇ ಹೇಳಿಟ್ಟಿದ್ದಳು. ಸತ್ಯವ್ವ ಒಂದು ತಟ್ಟೆ ನನ್ನ ಮುಂದೆ, ಒಂದು ಮಾವನ ಹತ್ತಿರದ ಹೊಸ್ತಿಲ ಮೇಲೆ ಇಟ್ಟಳು. "ಇಷ್ಟ ತಿಂದ್ರ ಹ್ಯಾಂಗ್ರಿ, ಮತ್ತೊಂದು ಹಾಕ್ಕೊಳ್ರಿ," ಎಂದಳು. ಹಾಕಿಕೊಂಡೆ. ಹೋಳಿಗೆ ಬಿಸಿಯಿತ್ತು, ಬೆಲ್ಲ ಸ್ವಲ್ಪ ಹೆಚ್ಚು.

ರುಚಿಯ ಬಗ್ಗೆ ನಮೂನೆಯಲ್ಲಿ ಅಂಕಣ ಇಲ್ಲ. ಬೇಕಾಗಿಯೂ ಇಲ್ಲ.

ಮಾರ್ಚ್ 20, ಗುರುವಾರ

ಸಹರಿ: ಉಪ್ಪಿಟ್ಟು, ಹಾಲು. ಇಫ್ತಾರ್: ಖರ್ಜೂರ, ಬಾಂಗಡೆ ಸಾರು, ಅನ್ನ.

ಷರಾ: ಸಂದರ್ಶನ. ಹನ್ನೊಂದು ಅಭ್ಯರ್ಥಿಗಳು, ನಾನು ಒಂಬತ್ತನೆಯವಳು. ಹಿಂತೆಗೆದುಕೊಂಡ ಲೇಖನದ ಬಗ್ಗೆ ಒಬ್ಬರು ಕೇಳಿದರು. ಇದ್ದದ್ದನ್ನು ಹೇಳಿದೆ. ಇದರಿಂದ ಏನು ಕಲಿತಿರಿ ಎಂದರು. ಡಬ್ಬಿಯನ್ನು ಕೊಡಬೇಕಾದವರ ಕೈಗೇ ಕೊಡಬೇಕು ಎಂದೆ. ಅವರು ಬರೆದುಕೊಂಡರು. ಏಳು ನಿಮಿಷದಲ್ಲಿ ಮುಗಿಯಿತು. ಎಂಟನೆಯವನದು ಮೂವತ್ತೈದು ನಿಮಿಷ ನಡೆದಿತ್ತು.

ಮಾರ್ಚ್ 27, ಗುರುವಾರ

ಸಹರಿ: ರೊಟ್ಟಿ 1, ಚಟ್ನಿ, ಮೊಸರು. ಇಫ್ತಾರ್: ಖರ್ಜೂರ 3, ಹಣ್ಣು, ಖಿಚಡಿ.

ಷರಾ: ಆಯ್ಕೆಯ ಪಟ್ಟಿ ಹಾಕಿದರು. ಎಂಟನೆಯವನು.

ಮೇಡಂ ಕರೆದರು. "ಮುಂದಿನ ಹಂತಕ್ಕ ಮಂಜೂರಾತಿ ಬಂದ್ರ ನಿಮ್ಮನ್ನ ಕರೀತೇನಿ. ಯಾವಾಗ ಅಂತ ಹೇಳ್ಲಿಕ್ಕೆ ಆಗೂದಿಲ್ಲ, ಬರತದೋ ಇಲ್ಲೋ ಅದೂ ಗೊತ್ತಿಲ್ಲ." ಆಯಿತು ಎಂದೆ. ಮೇಜಿನ ಮೇಲಿಂದ ಒಂದು ಹಾಳೆ ಎತ್ತಿ ತೋರಿಸಿದರು. ಹೊಸ ಸೂಚನಾ ಪತ್ರ, ನಾನು ಕಳೆದ ವಾರ ಬರೆದು ಕೊಟ್ಟದ್ದು. ಗಂಡಸರ ಡಬ್ಬಿಯನ್ನು ಗಂಡಸರಿಗೇ, ಕೆಲಸದ ಜಾಗದಲ್ಲಿ ಅಥವಾ ಭಾನುವಾರ. ಚೀಟಿಯ ಮೇಲೆ "ಸಂಗ್ರಹಿಸಿದವರು" ಎಂಬಲ್ಲಿ ಅಚ್ಚು ಬೇಡ, ಜಾಗ ಖಾಲಿ ಬಿಡಿ, ಕೊಟ್ಟವರೇ ಬರೆಸಲಿ. "ಇದು ಚಲೋ ಆಗೇದ," ಎಂದರು.

ಸಂಜೆ ಮಡಗಾಂವಕ್ಕೆ ಹೋಗಿ ಒಂದು ತಪಾಸಣಾ ಪ್ರಯೋಗಾಲಯದಿಂದ ಡಬ್ಬಿ ತಂದೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ನೋಡುವ ಪರೀಕ್ಷೆಯದು. ಮಕ್ಕಳಲ್ಲಿ ನಲವತ್ತು ದಾಟಿದವರು ತಪಾಸಣೆ ಮಾಡಿಸಬೇಕೆಂದು ಅಬ್ಬಾನ ಡಾಕ್ಟರು ಆಗಲೇ ಹೇಳಿದ್ದರು. ಭಾಯಿಗೆ 41. ಹೋಗಿಲ್ಲ. ಕರುಳಿಗೆ ದುರ್ಬೀನು ಹಾಕಿ ನೋಡುವ ತಪಾಸಣೆಗೆ ಅದೇ ಡಾಕ್ಟರ ಹತ್ತಿರ ಏಪ್ರಿಲ್ 9ಕ್ಕೆ ಅವನ ಹೆಸರು ಬರೆಸಿದೆ.

ಮಾರ್ಚ್ 30, ಭಾನುವಾರ, ಕುಡಚಡೆ

ಸಹರಿ: ಚಪಾತಿ 2, ಪಲ್ಲೆ, ಮೊಸರು. ಇಫ್ತಾರ್: ಖರ್ಜೂರ, ಅಮ್ಮಿ ಮಾಡಿದ ಹರೀರಾ ಗಂಜಿ, ಸಮೋಸಾ 4, ಅನ್ನ, ಮಟನ್ ಸಾರು.

ಷರಾ: ಚಂದ್ರ ಕಂಡಿತು. ನಾಳೆ ಈದ್. ಭಾಯಿ ಟಿಪ್ಪರ್ ತೊಳೆಯುತ್ತಿದ್ದ. ನಾನು ಪೈಪು ಹಿಡಿದೆ.

"ಭಾಯಿ, ಆಸ್ಪತ್ರ್ಯಾಗ ನೀ ಒಂದು ಮಾತು ಕೇಳಿದ್ದಿ. ಏನೂ ಇರಲಿಲ್ಲ ಅಂದಿದ್ನಿ. ಅದು ಅಬ್ಬಾಂದು ಇರಲಿಲ್ಲ."

ಅಮ್ಮಿ ಹೇಳಿದ್ದನ್ನೆಲ್ಲ ಹೇಳಿದೆ. ನಾನು ಐದು ಸಲ ಫೋನ್ ಮಾಡಿದ್ದನ್ನೂ ಹೇಳಿದೆ. ಅವನು ಚಕ್ರದ ಮಣ್ಣು ಕೆರೆಯುತ್ತಲೇ ಇದ್ದ.

"ಅಬ್ಬಾಂದ ಇದ್ದಿದ್ರ ಗೊತ್ತಾಗತಿತ್ತೇನು?"

"ಆಗಬಹುದಿತ್ತು. ಆಗದನೂ ಇರಬಹುದಿತ್ತು. ಖರೇ ಹೇಳಬೇಕಂದ್ರ ಗೊತ್ತಿಲ್ಲ."

"ಮೊದಲ ಸಲ ಗೊತ್ತಿಲ್ಲ ಅಂದಿ ನೋಡು ನೀ," ಎಂದ. ಪೈಪು ಕಸಿದುಕೊಂಡು ತಾನೇ ನೀರು ಹಾಕಿದ. ನಾನು ಚೀಲದಿಂದ ಡಬ್ಬಿ ತೆಗೆದು ಅವನ ಒದ್ದೆ ಕೈಯಲ್ಲಿಟ್ಟೆ. ಏನು, ಹೇಗೆ, ಎಷ್ಟು ಎಂದು ಹೇಳಿದೆ. ಒಂಬತ್ತನೆಯ ತಾರೀಖಿನದನ್ನೂ ಹೇಳಿದೆ. ಅವನು ಮೊದಲು ಡಬ್ಬಿ ನೋಡಿದ, ಆಮೇಲೆ ಅಮ್ಮಿ ಎಲ್ಲಿದ್ದಾಳೆಂದು ನೋಡಿದ.

"ನಾಚಿಕಿ ಅನ್ನೂದು ಒಂದೀಟರೆ ಐತೇನು ನಿಂಗ? ಹಬ್ಬಕ್ಕ ಮಂದಿ ಈದಿ ತರತಾರ."

"ಇದ ನಿನ್ನ ಈದಿ."

ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಮಾರ್ಚ್ 31, ಸೋಮವಾರ, ಕುಡಚಡೆ

ಬೆಳಿಗ್ಗೆ: ಶಾವಿಗೆಯ ಸುರಕುಂಬಾ 2 ಬಟ್ಟಲು. ಮಧ್ಯಾಹ್ನ: ಬಿರ್ಯಾನಿ, ಮೊಸರು ಬಜ್ಜಿ, ಮತ್ತೆ ಬಿರ್ಯಾನಿ, ಅಳೆದಿಲ್ಲ. ಸಂಜೆ: ಸುರಕುಂಬಾ, ಬಂದವರ ಜೊತೆ, ಎಣಿಸಿಲ್ಲ.

ಷರಾ: ಕರಾರಿನ ಕೊನೆಯ ದಿನ. ರಜೆ ಇದ್ದದ್ದರಿಂದ ಗುರುತಿನ ಚೀಟಿಯನ್ನು ನಾಳೆ ಒಪ್ಪಿಸಬೇಕು.

ಈದ್ಗಾಕ್ಕೆ ಹೊರಡುವ ಮುಂಚೆ ಭಾಯಿ ಅಡುಗೆಮನೆಗೆ ಬಂದ. ಹೊಸ ಜುಬ್ಬಾ ಹಾಕಿದ್ದ. ಹಳೆಯ ಪೇಪರಿನಲ್ಲಿ ನಾಲ್ಕು ಸುತ್ತು ಸುತ್ತಿದ ಪುಡಿಕೆಯನ್ನು, ಬೇರೆ ಕಡೆ ನೋಡುತ್ತ, ನನ್ನ ಕೈಗೆ ಕೊಟ್ಟ.

"ನಾಳಿಗೆ ಲ್ಯಾಬ್ ತಗದ ಮ್ಯಾಲ ಕೊಟ್ರ ನಡಿತೈತೇನು?"

"ತಣ್ಣಗ ಇಡಬೇಕು. ಫ್ರಿಜ್ಜಿನಾಗ."

"ಫ್ರಿಜ್ಜಿನಾಗ?" ಅಮ್ಮಿ ಸೌಟು ಹಿಡಿದು ತಿರುಗಿದಳು. "ಸುರಕುಂಬಾದ ಬಾಜೂಕ? ಈದ್ ದಿನ? ಮಂದಿ ಬರತಾರ ನಮ್ಮ ಮನಿಗೆ."

"ಮಂದಿ ಫ್ರಿಜ್ಜಿನಾಗ ಬರೂದಿಲ್ಲ ಬಿಡ ಅಮ್ಮಿ," ಎಂದು ಭಾಯಿ ಹೊರಗೆ ಹೋದ. ಬಾಗಿಲಲ್ಲಿ ನಿಂತು ಅತ್ತರು ಹಚ್ಚಿಕೊಂಡ.

ಅಮ್ಮಿ ಫ್ರಿಜ್ ತೆಗೆದು ಕೆಳಗಿನ ತಟ್ಟೆಯಲ್ಲಿದ್ದ ಟೊಮೆಟೊ, ಮೆಣಸಿನಕಾಯಿಗಳನ್ನೆಲ್ಲ ಮೇಲಕ್ಕೆ ಸೇರಿಸಿ ಜಾಗ ಮಾಡಿದಳು. ಅಬ್ಬಾ ಲಾರಿಗೆ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಒರೆಸಿ ಕೊಟ್ಟಳು. "ಇದರಾಗ ಇಡು. ಮುಚ್ಚಳ ಬಿಗಿ ಐತಿ."

ಪೇಪರು ಬಿಚ್ಚಿದೆ. ಡಬ್ಬಿಯ ಚೀಟಿ ಖಾಲಿಯಿತ್ತು. ಪೆನ್ನು ತಂದು ಬರೆದೆ.

ಹೆಸರು: ಜುನೇದ ದಸ್ತಗೀರ ನದಾಫ. ವಯಸ್ಸು: 41. ಪುರುಷ. ಸಂಗ್ರಹಿಸಿದವರು: ಸ್ವತಃ.